ಸುಣ್ಣ ಹೊಡೆದವರ ಗೋಡೆ

ಚಿಂತಾಮಣಿ
೯-೭-೧೯೯೫, ಭಾನುವಾರ

ಶ್ಯಾಮಲನ ಅಪ್ಪನಿಗೆ,

ಅಶ್ವತ್ಥಮ್ಮನ ಜೈ ಭೀಮ್.

ನಾನಿಲ್ಲಿ ಸೌಖ್ಯ ಎಂದು ಬರೆದರೆ ಸುಳ್ಳಾಗುತ್ತದೆ. ಸೊಂಟ ಹಿಡಿದುಕೊಂಡು ಹದಿನೈದು ದಿನವಾಯಿತು. ಪುರಸಭೆ ಆಫೀಸಿನ ಕುರ್ಚಿಯ ಒಂದು ಕಾಲು ಗಿಡ್ಡ, ಅದನ್ನು ಬದಲಾಯಿಸಿ ಎಂದು ಬರೆದುಕೊಟ್ಟ ಕಾಗದ ನನ್ನ ಟೇಬಲ್ಲಿಗೇ ಎರಡು ಸಲ ವಾಪಸ್ಸು ಬಂದಿದೆ. ಶ್ಯಾಮಲ ಚೆನ್ನಾಗಿದ್ದಾಳೆ. ಪಿ.ಯು.ಸಿ.ಗೆ ಸೇರಿದ ಮೇಲೆ ಎರಡು ಜಡೆ ಬಿಟ್ಟು ಒಂದು ಜಡೆ ಹಾಕಿಕೊಳ್ಳುತ್ತಾಳೆ. ನೀವು ಯುಗಾದಿಗೆ ಕಳಿಸಿದ ಲಂಗದ ಬಟ್ಟೆ ಅವಳಿಗೆ ಇಷ್ಟವಾಯಿತು, ಆದರೆ ಅವಳು ಲಂಗ ಹಾಕುವುದನ್ನು ಬಿಟ್ಟು ವರ್ಷವಾಯಿತು. ನಿಮಗೆ ಅದು ತಿಳಿಯುವುದಾದರೂ ಹೇಗೆ? ಅದರಲ್ಲೇ ಚೂಡಿದಾರ್ ಹೊಲಿಸಿದ್ದೇನೆ.

ಕೊಂಡಮ್ಮ ಅತ್ತಿಗೆಯ ಮಂಡಿ ನೋವು ಹೇಗಿದೆ? ನಿಮ್ಮನ್ನು ಏಳು ವರ್ಷದಿಂದ ಸಾಕುತ್ತಿರುವ ಅಕ್ಕ, ಅವರ ಮಂಡಿಯ ಕಡೆಗೂ ಸ್ವಲ್ಪ ಗಮನ ಕೊಡಿ. ಗೌರಿಬಿದನೂರಿನಲ್ಲಿ ಲಾರಿಗಳಿಗೆ ನಂಬರು ಬರೆಯುತ್ತೀರಿ, ಅಂಗಡಿಗಳಿಗೆ ಬೋರ್ಡು ಬರೆಯುತ್ತೀರಿ, ಗೋಡೆಗೆ ಮಾತ್ರ ಕುಂಚ ಮುಟ್ಟಿಸುವುದಿಲ್ಲ ಎಂದು ಅವರೇ ಹೇಳಿ ಕಳಿಸಿದ್ದರು. ಆ ಗೋಡೆಯ ವಿಷಯಕ್ಕೇ ಈ ಕಾಗದ. ಕೋಪ ಮಾಡಿಕೊಂಡು ಅರ್ಧಕ್ಕೆ ಮಡಚಿ ಇಡಬೇಡಿ, ನಿಮ್ಮ ಅಭ್ಯಾಸ ನನಗೆ ಗೊತ್ತು.

ಹೋದ ಚಳಿಗಾಲದ ಚುನಾವಣೆ ಮುಗಿದ ಮೇಲೆ ಈ ಊರಿನ ಗೋಡೆಗಳನ್ನು ನೋಡಬೇಕಿತ್ತು. ಪೇಂಟರುಗಳಲ್ಲ, ಪಕ್ಷದ ಹುಡುಗರು, ಒಬ್ಬ ಬರೆದದ್ದರ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. ಆಸ್ಪತ್ರೆ, ಸ್ಕೂಲು, ಸ್ಮಶಾನದ ಗೇಟು, ಏನನ್ನೂ ಬಿಟ್ಟಿರಲಿಲ್ಲ. ಮೇಲಿನಿಂದ ಆರ್ಡರು ಬಂತು. ಎಲ್ಲ ಅಳಿಸಬೇಕು, ಇನ್ನು ಮುಂದೆ ಯಾರಾದರೂ ಗೋಡೆ ಮೇಲೆ ಬರೆದರೆ ಕೇಸು ಹಾಕಬೇಕು. ಆ ಆರ್ಡರನ್ನು ಟೈಪು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಟೈಪಾದ ಹಾಳೆಯನ್ನು ಓದುವಾಗ ಕೇಸು ಎನ್ನುವ ಮಾತಿನ ಹತ್ತಿರ ಬಂದು ಹಾಳೆಯನ್ನು ಮಗುಚಿ ಇಟ್ಟೆ. ನಮಗಿಬ್ಬರಿಗೂ ಆ ಮಾತು ಹೊಸದಲ್ಲವಲ್ಲ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಅನ್ನಬೇಡಿ. ಬರೆಯದಿದ್ದರೆ ನನಗೆ ಮುಂದಕ್ಕೆ ಹೋಗಲು ಬರುವುದಿಲ್ಲ. ಎಂಬತ್ತಾರನೇ ಇಸವಿ. ಕೆಂಚಾರ್ಲಹಳ್ಳಿ ದಾರಿಯಲ್ಲಿ ನಮ್ಮ ಹಳ್ಳಿ. ಸರ್ಕಾರ ತೋಡಿಸಿದ ಕುಡಿಯುವ ನೀರಿನ ಬಾವಿ, ಅದರ ಪಕ್ಕದಲ್ಲೇ ವೆಂಕಟರಾಮಪ್ಪನವರು ತಮ್ಮ ತೋಟಕ್ಕೆ ನೀರೆತ್ತಲು ಕಟ್ಟಿಸಿಕೊಂಡ ಪಂಪಿನ ಮನೆ. ಬಾವಿಗೆ ನಮ್ಮ ಕೇರಿಯವರು ಕೊಡ ಇಳಿಸುವ ಹಾಗಿರಲಿಲ್ಲ. ನೀವು ಆ ಪಂಪಿನ ಮನೆಯ ಗೋಡೆಯ ತುಂಬ ಕೆಂಪು ಅಕ್ಷರದಲ್ಲಿ ಬರೆದಿರಿ. "ಈ ಬಾವಿ ಊರಿನದು. ನೀರು ಎಲ್ಲರದು." ಒಂದೊಂದು ಅಕ್ಷರ ಎರಡು ಅಡಿ ಎತ್ತರ. ಮೇಲೂರಿನಿಂದ ರೇಷ್ಮೆ ಗೂಡಿನ ವ್ಯಾಪಾರಕ್ಕೆ ಬಂದವರೂ ಬಸ್ಸು ನಿಲ್ಲಿಸಿ ಓದಿಕೊಂಡು ಹೋದರು. ಅಷ್ಟು ಚೆಂದದ ಅಕ್ಷರ ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಇದನ್ನು ನಿಮ್ಮನ್ನು ಉಬ್ಬಿಸಲು ಹೇಳುತ್ತಿಲ್ಲ, ಉಬ್ಬುವ ವಯಸ್ಸು ನಿಮ್ಮದೂ ಅಲ್ಲ, ಉಬ್ಬಿಸುವ ವಯಸ್ಸು ನನ್ನದೂ ಅಲ್ಲ.

ಗೋಡೆ ಕೆಡಿಸಿದರು ಎಂದು ವೆಂಕಟರಾಮಪ್ಪನವರು ದೂರು ಕೊಟ್ಟರು. ನಿಮ್ಮನ್ನು ಎರಡು ದಿನ ಸ್ಟೇಷನ್ನಿನಲ್ಲಿ ಕೂರಿಸಿದರು. ಮಹಜರಿಗೆ ಬಂದವರಿಗೆ ಗೋಡೆಯ ಮೇಲೆ ಅಕ್ಷರ ಸಿಗಲಿಲ್ಲ, ಬರೀ ಸುಣ್ಣ ಸಿಕ್ಕಿತು. ಬರಹವೂ ಹೋಯಿತು, ಕೇಸೂ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಬದುಕಿದೆಯಾ ಬಡಜೀವ ಎಂದು ಉಸಿರು ಬಿಡುತ್ತಿದ್ದರು. ನೀವು ಸ್ಟೇಷನ್ನಿನಿಂದ ನೇರವಾಗಿ ಬಾವಿಯ ಹತ್ತಿರ ಹೋದಿರಿ. ಒಣಗಿದ ಸುಣ್ಣವನ್ನು ಉಗುರಿನಲ್ಲಿ ಕೆರೆದು, ಬೆಳಕಿಗೆ ಹಿಡಿದು ನೋಡಿದಿರಿ. ಸುಣ್ಣದಲ್ಲಿ ನೀಲಿ ಛಾಯೆ ಇತ್ತು. ಸುಣ್ಣಕ್ಕೆ ನೀಲಿಯನ್ನೂ ಗೋಂದನ್ನೂ ಅಳತೆಯಾಗಿ ಬೆರೆಸುವವನು ತಾಲ್ಲೂಕಿನಲ್ಲೆಲ್ಲ ಎರ್ರಪ್ಪ ಒಬ್ಬನೇ. ನಿಮ್ಮ ಜೊತೆಗೇ ಕುಂಚ ಹಿಡಿದು ಬೆಳೆದವನು, ನಿಮ್ಮ ತಟ್ಟೆಯಲ್ಲೇ ಉಂಡವನು. ವೆಂಕಟರಾಮಪ್ಪನಿಗೆ ಅಂಜಿ ಸ್ನೇಹಿತನ ಬರಹ ಅಳಿಸಿದ ಎಂದು ತೀರ್ಮಾನ ಮಾಡಿದಿರಿ. ಅಳಿಸಿದ್ದು ನಾನಲ್ಲ ಎಂದು ಅವನು ಒಂದೇ ಒಂದು ಸಲ ಹೇಳಿದ. ನೀವು ಕೇಳಿಸಿಕೊಳ್ಳಲಿಲ್ಲ. ಅವನು ಮತ್ತೆ ಹೇಳಲಿಲ್ಲ.

ಇಲ್ಲಿಗೆ ಪೆನ್ನು ನಿಂತಿತು. ಎದ್ದು ಹೋಗಿ ಸಾರಿಗೆ ಉಪ್ಪು ಹಾಕಿ ಬಂದೆ.

ಆ ತಿಂಗಳೇ ನನಗೆ ಕ್ಲರ್ಕ್ ಕೆಲಸದ ಆರ್ಡರು ಬಂತು. ನಾವು ಚಿಂತಾಮಣಿಗೆ ಬಂದೆವು. ಎರಡು ವರ್ಷ ನೀವು ಇಲ್ಲಿ ಇದ್ದಿರಿ, ಇದ್ದಷ್ಟು ದಿನವೂ ಊಟಕ್ಕೆ ಕೂತಾಗ ಎರ್ರಪ್ಪನನ್ನು ಬೈದಿರಿ. ಅವನೂ ಆ ವೇಳೆಗೆ ಇದೇ ಊರಿಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದ. ಆ ನಾಯಿ ಕುಂಚ ಹಿಡಿದಿರುವ ಊರಿನಲ್ಲಿ ನಾನಿರಲ್ಲ, ಬಾ ಗೌರಿಬಿದನೂರಿಗೆ ಹೋಗಣ ಅಂದಿರಿ. ಕೆಲಸ ಬಿಟ್ಟು ಬರಲ್ಲ, ನೀವು ಬೇಕಾದ್ರೆ ಹೋಗಿ ಅಂದೆ. ನಿಮ್ಮ ಟ್ರಂಕನ್ನು ನಾನೇ ತುಂಬಿ ಕೊಟ್ಟೆ. ಅಷ್ಟು ಕಲ್ಲು ಮನಸ್ಸು ನಿನಗೆಲ್ಲಿಂದ ಬಂತೇ ಎಂದು ಅತ್ತಿಗೆ ಕೇಳಿದ್ದರು. ಕಲ್ಲಲ್ಲ. ನೀವು ಅವನನ್ನು ಬೈಯುವಾಗ ನನಗೆ ತುತ್ತು ಇಳಿಯುತ್ತಿರಲಿಲ್ಲ. ಅಷ್ಟು ಮಾತ್ರ ಈಗ ಹೇಳುತ್ತೇನೆ.

ಇನ್ನು ಗೋಡೆಗೆ ಬರುತ್ತೇನೆ. ಆ ಆರ್ಡರನ್ನು ಸಾಹೇಬರ ಸಹಿಗೆ ಇಡುವಾಗ ಜೊತೆಗೆ ನಾನೊಂದು ಟಿಪ್ಪಣಿ ಬರೆದಿಟ್ಟೆ. ಜನಕ್ಕೆ ಹೇಳಬೇಕಾದ್ದು ಇರುತ್ತದೆ, ಅರ್ಜಿ ಬರೆದರೆ ಯಾರೂ ಓದುವುದಿಲ್ಲ, ಅದಕ್ಕೇ ಗೋಡೆ ಹುಡುಕುತ್ತಾರೆ. ಎಲ್ಲಾ ಗೋಡೆಗೂ ಬೇಲಿ ಹಾಕುವ ಬದಲು ನಾಲ್ಕಾರು ಗೋಡೆಗಳನ್ನು ಜನಕ್ಕೇ ಬಿಟ್ಟುಕೊಡೋಣ, ಅಲ್ಲಿ ಯಾರು ಬರೆದರೂ ಯಾರು ಚಿತ್ರ ಬಿಡಿಸಿದರೂ ಕೇಸಿಲ್ಲ ಎಂದು ಗೊತ್ತಾಗಲಿ. ಹೀಗೆ ಅರ್ಧ ಹಾಳೆ ಬರೆದಿದ್ದೆ. ಬೈಸಿಕೊಳ್ಳಲು ಸಿದ್ಧವಾಗಿಯೇ ಹೋದೆ. ಸಾಹೇಬರು ಓದಿ, ಮಾಡಿ ನೋಡಮ್ಮ ಅಂದುಬಿಟ್ಟರು! ಆಫೀಸಿನಲ್ಲಿ ನನ್ನ ಮಾತು ನಡೆದದ್ದು ಅದೇ ಮೊದಲು, ಅದಕ್ಕೆ ಹೆದರಿಕೆಯೇ ಆಯಿತು. ಒಂದು ಸಮಿತಿ ಆಯಿತು. ನಾನು, ಇಂಜಿನಿಯರ್ ಚನ್ನಕೇಶವ, ಇನ್ನಿಬ್ಬರು. ಆ ಇಬ್ಬರು ಮೊದಲ ದಿನ ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ.

ಚನ್ನಕೇಶವ ಒಳ್ಳೆಯ ಹುಡುಗ. ಜಮೀನ್ದಾರರ ಮನೆಯವನು, ಆದರೂ ನಮ್ಮ ಮನೆಗೆ ಬಂದು ನೀರು ಕೇಳಿ ಕುಡಿಯುತ್ತಾನೆ. ಅವನ ಕಾಯಿಲೆ ಒಂದೇ, ರೂಲ್ಸು. ಹದಿನಾಲ್ಕು ರೂಲ್ಸು ಬರೆದುಕೊಂಡು ಬಂದ. ಬರೆಯುವವರು ಮೂರು ದಿನ ಮುಂಚೆ ಅರ್ಜಿ ಕೊಡಬೇಕಂತೆ, ಬರೆಯುವ ವಿಷಯದ ನಕಲು ಲಗತ್ತಿಸಬೇಕಂತೆ. ಅಪ್ಪಾ, ಅರ್ಜಿ ಕೊಟ್ಟು ಬರೆಯೋದಾದ್ರೆ ಗೋಡೆ ಯಾಕೆ, ಅರ್ಜಿಯೇ ಸಾಕಲ್ಲ ಅಂದೆ. ಒಂದು ಗಂಟೆ ವಾದ ಮಾಡಿ ಹತ್ತು ಹೊಡೆದುಹಾಕಿಸಿದೆ. ನಾಲ್ಕು ಉಳಿದವು. ಒಬ್ಬರ ಜಾತಿ ಹಿಡಿದು ಬೈಯಬಾರದು, ಹೆಂಗಸರ ಬಗ್ಗೆ ಹೊಲಸು ಬರೆಯಬಾರದು, ಅಂಗಡಿ ಕಂಪನಿಗಳ ಜಾಹೀರಾತು ಬೇಡ, ಆರು ತಿಂಗಳಿಗೊಮ್ಮೆ ಸುಣ್ಣ.

ಗೋಡೆ ಹುಡುಕುವುದಕ್ಕೆ ಏಪ್ರಿಲ್ ಬಿಸಿಲಿನಲ್ಲಿ ಟೇಪು ಹಿಡಿದು ಅಲೆದೆವು. ಗುಡಿ ಮಸೀದಿ ಪಕ್ಕದ್ದು ಬೇಡ, ಜಗಳಕ್ಕೆ ದಾರಿ. ಚರಂಡಿ ದಾಟಿ ಹೋಗುವಂಥದ್ದು ಬೇಡ. ಬೀದಿಯ ಹೆಂಗಸರು ಕೊಡ ಇಳಿಸಿ ಎರಡು ನಿಮಿಷ ನಿಂತು ಓದುವಷ್ಟು ಬಯಲಿರಬೇಕು. ಕೈಗೆಟುಕುವ ಎತ್ತರಕ್ಕೆ ಗಾರೆ ನಯವಾಗಿರಬೇಕು. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದು ಚನ್ನಕೇಶವನಿಗೆ ಆಶ್ಚರ್ಯ. ಗೋಡೆ ನೋಡಿ ಆರಿಸುವವನ ಹೆಂಡತಿಯಾಗಿ ಹತ್ತು ವರ್ಷ ಇದ್ದೆ ಎಂದು ಹೇಳಬೇಕೆನಿಸಿತು, ಟೇಪು ಸುತ್ತಿಕೊಂಡು ಮುಂದಿನ ಗೋಡೆಗೆ ನಡೆದೆ. ಕೊನೆಗೆ ಮೂರು ಗೋಡೆ ಗೊತ್ತು ಮಾಡಿದೆವು. ಸಂತೆ ಮೈದಾನದ್ದು, ಹಳೇ ನೀರಿನ ಟ್ಯಾಂಕಿನದು, ಬಸ್ ಸ್ಟ್ಯಾಂಡಿನ ಹಿಂದಿನದು. ಸಂತೆಯ ಗೋಡೆಯಂತೂ ಎಂಥ ಗೋಡೆ ಅಂತೀರಿ! ನೂರು ಅಡಿಗೂ ಉದ್ದ, ಎಲ್ಲೂ ಬಾಗಿಲಿಲ್ಲ, ಕಿಟಕಿಯಿಲ್ಲ, ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಅದನ್ನು ನೋಡಿದಾಗ ನಿಮ್ಮ ನೆನಪಾಗಿ ನನಗೆ ಅಳು ಬಂತು. ಧೂಳು ಬಿತ್ತು ಎಂದು ಕಣ್ಣೊರೆಸಿಕೊಂಡೆ.

ಮೂರಕ್ಕೂ ಸುಣ್ಣ ಹೊಡೆಸಿದೆ. ಎರಡೆರಡು ಕೈ. "ಇಲ್ಲಿ ಯಾರು ಬೇಕಾದರೂ ಬರೆಯಬಹುದು" ಎಂದು ತಗಡಿನ ಬೋರ್ಡು ನೆಡಿಸಿದೆ. ಮೇ ತಿಂಗಳ ಮೊದಲ ವಾರ ಅದು. ಎರಡು ತಿಂಗಳು ದಾಟಿತು. ಒಂದಕ್ಷರ ಇಲ್ಲ.

ನಗಬೇಡಿ. ಒಂದೇ ಒಂದು ಅಕ್ಷರ ಬೀಳಲಿಲ್ಲ. ಎದುರಿಗಿರುವ, ಸುಣ್ಣವನ್ನೇ ಕಾಣದ ಗೋದಾಮಿನ ಗೋಡೆಯ ಮೇಲೆ, ಅಲ್ಲಿ ಬರೆದರೆ ಕೇಸಾಗುತ್ತದೆ, ಅಲ್ಲಿ ಮಾತ್ರ ದಿನಕ್ಕೊಂದು ಬರಹ. ನಮ್ಮ ಗೋಡೆ ಬೆಳ್ಳಗೆ ನಿಂತಿದೆ. ಗಂಡಸರು ಅದರ ಬುಡದಲ್ಲಿ ನಿಂತು ಏನು ಮಾಡುತ್ತಾರೆ ಎಂದು ನಾನು ಬರೆಯಬೇಕಾಗಿಲ್ಲ. ಅದನ್ನು ಒಳ್ಳೆಯದಕ್ಕೆ ಬಳಸಿದವಳು ಒಬ್ಬಳೇ, ಹಸು ಕಟ್ಟಿರುವ ಆಂಜಿನಮ್ಮ. ಟ್ಯಾಂಕಿನ ಗೋಡೆಯ ತುಂಬ ಸಾಲಾಗಿ ಬೆರಣಿ ತಟ್ಟಿದ್ದಳು. ಚನ್ನಕೇಶವ ಕೆಂಡವಾದ. ನಾಲ್ಕು ರೂಲ್ಸಿನಲ್ಲಿ ಬೆರಣಿ ಕೂಡದು ಅಂತ ಎಲ್ಲಿದೆ ತೋರಿಸಪ್ಪ ಅಂದೆ. ಆಮೇಲೆ ಇಬ್ಬರೂ ನಕ್ಕೆವು. ಎರಡು ತಿಂಗಳಲ್ಲಿ ಅದೊಂದೇ ನಗು.

ಸಾಹೇಬರು ಹೋದ ಸೋಮವಾರ ಕರೆದು ಹೇಳಿದರು. ನೋಡಮ್ಮ, ಜನಕ್ಕೇ ಬೇಕಾಗಿಲ್ಲ, ಗೋಡೆ ಸುಮ್ಮನೆ ಬಿದ್ದಿದೆ, ಸೋಪು ಬೀಡಿ ಸಿಮೆಂಟಿನವರು ಜಾಹೀರಾತಿಗೆ ಕೇಳುತ್ತಿದ್ದಾರೆ, ಇದೇ ಇಪ್ಪತ್ತನೇ ತಾರೀಖು ಹರಾಜು ಹಾಕೋಣ. ಅಷ್ಟರೊಳಗೆ ಗೋಡೆ ಬಳಕೆಗೆ ಬಂದರೆ ನೋಡೋಣ, ಇಲ್ಲವಾದರೆ ಫೈಲು ಮುಚ್ಚಿ. ಒಂದು ಸಲ ಕಂಪನಿಗೆ ಹೋದ ಗೋಡೆ ಮತ್ತೆ ಜನರಿಗೆ ಬರುವುದಿಲ್ಲ, ಆ ಕೇಸಿನ ಆರ್ಡರು ಮಾತ್ರ ಉಳಿಯುತ್ತದೆ. ನಾನು ತಲೆ ಆಡಿಸಿ ಬಂದು ಆ ಗಿಡ್ಡ ಕಾಲಿನ ಕುರ್ಚಿಯಲ್ಲಿ ಕೂತೆ. ಒಂಬತ್ತು ವರ್ಷ ಆ ಆಫೀಸಿನಲ್ಲಿ ಬೇರೆಯವರ ಕಾಗದ ಟೈಪು ಮಾಡಿಸಿದ್ದೇನೆ, ನನ್ನದು ಅಂತ ಮಾಡಿದ್ದು ಇದೊಂದೇ. ನನಗೆ ಸಾಕಾಗಿದೆ ಕಣ್ರೀ.

ಬೇರೆ ದಾರಿ ಕಾಣದೆ ಎರ್ರಪ್ಪನ ಅಂಗಡಿಗೆ ಹೋದೆ. ಹೆಸರು ನೋಡಿ ಕಾಗದ ಹರಿಯಬೇಡಿ. ಈ ಏಳೆಂಟು ವರ್ಷ ಅವನು ಎದುರು ಬಂದರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ಊರಲ್ಲಿ ಹಳೇ ಪೇಂಟರ್ ಅಂತ ಉಳಿದವನು ಅವನೊಬ್ಬ, ಈಗ ಕುಂಚ ಹಿಡಿಯುವವರೆಲ್ಲ ಅವನ ಕೈಕೆಳಗೆ ಕಲಿತವರು. ಆದರೂ ನಮ್ಮ ದಲಿತ ಸಂಘದವರು ಅಂದಿನಿಂದ ಅವನಿಗೆ ಒಂದು ಬ್ಯಾನರು ಬರೆಯಲು ಕೊಟ್ಟಿಲ್ಲ. ಸ್ನೇಹಿತನಿಗೆ ಸುಣ್ಣ ಬಳಿದವನು ಎಂಬ ಹೆಸರು ಅವನ ಬೆನ್ನಿಗೆ ಅಂಟಿಕೊಂಡಿದೆ. ಅವನ ಮಗಳಿಗೆ ಶಿಡ್ಲಘಟ್ಟದಿಂದ ಬಂದ ಸಂಬಂಧ ಅದೇ ಮಾತಿಗೆ ಮುರಿದು ಹೋಯಿತು ಎಂದು ಕೇಳಿದ್ದೆ. ನನ್ನನ್ನು ನೋಡಿ ಎದ್ದು ನಿಂತ, ಸ್ಟೂಲು ಒರೆಸಿ ಕೊಟ್ಟ. ತಲೆ ಪೂರ್ತಿ ನೆರೆತಿದೆ.

ಯಾಕಪ್ಪ ನಿಮ್ಮೋರು ಯಾರೂ ಬರೀತಿಲ್ಲ ಎಂದು ಕೇಳಿದೆ. ಅವನು ಮೆಲ್ಲಗೆ ಹೇಳಿದ, "ಏನಮ್ಮಾ, ನಿಮಗೆ ತಿಳೀದಾ? ಬೇರೆಯೋರು ಸುಣ್ಣ ಹೊಡೆದ ಗೋಡೆ ಮ್ಯಾಲೆ ನಮ್ಮೋರು ಕುಂಚ ಇಡಲ್ಲ. ಸುಣ್ಣ ಹೊಡೆದೋರ್ದು ಗೋಡೆ. ಅವರು ಮೊದ್ಲು ಬರೀಬೇಕು, ಆಮ್ಯಾಕೆ ಬರ್ರಪ್ಪಾ ಅಂತ ಕರೀಬೇಕು, ಆವಾಗ ಮಿಕ್ಕಿದ್ದೋರು. ಈ ಕಟ್ಟಳೆ ಕೋನಪ್ಪಣ್ಣ ಮಾಡಿದ್ದು. ನಾವು ಮೀರಲ್ಲಮ್ಮಾ."

ನಾಲಿಗೆ ಕಚ್ಚಿಕೊಂಡೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಎಂಬತ್ತಮೂರರ ಚುನಾವಣೆಯಲ್ಲಿ ಪೇಂಟರುಗಳು ಗೋಡೆಗೆ ಬಡಿದಾಡಿಕೊಂಡಾಗ ನೀವೇ ನಮ್ಮ ಜಗುಲಿಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಈ ಕಟ್ಟಳೆ ಮಾಡಿದ್ದಿರಿ. ನಾನೇ ಅವರಿಗೆಲ್ಲ ಕಾಫಿ ಕೊಟ್ಟಿದ್ದೆ. ಆದರೂ ಮರೆತು ಎರಡೆರಡು ಕೈ ಸುಣ್ಣ ಹೊಡೆಸಿದೆನಲ್ಲ. ನಾವು ಬೋರ್ಡು ನೆಟ್ಟು ಬರೆಯಿರಿ ಅಂದರೆ, ಅವರು ಸುಣ್ಣ ನೋಡಿ ಇದು ಸರ್ಕಾರದ್ದು ಎಂದು ದೂರ ನಿಂತರು. ಪೇಂಟರುಗಳೇ ಮುಟ್ಟದ ಗೋಡೆಯನ್ನು ಬೇರೆಯವರು ಯಾಕೆ ಮುಟ್ಟುತ್ತಾರೆ? ಆಫೀಸಿನಿಂದಲೇ ಮೊದಲು ಏನಾದರೂ ಬರೆಸೋಣವೆಂದರೆ ಅದು ಸರ್ಕಾರದ ಪ್ರಕಟಣೆ ಆಗಿಬಿಡುತ್ತದೆ, ಅದರ ಪಕ್ಕದಲ್ಲಿ ಯಾರು ಬರೆದಾರು?

ಅದಕ್ಕೇ ಕೇಳುತ್ತಿದ್ದೇನೆ. ಕಟ್ಟಳೆ ಮಾಡಿದವರು ನೀವು, ಬಿಡಿಸುವವರೂ ನೀವೇ ಆಗಬೇಕು. ಇಪ್ಪತ್ತನೇ ತಾರೀಖಿನೊಳಗೆ ಒಂದು ದಿನ ಬನ್ನಿ. ಸಂತೆಯ ಗೋಡೆಯ ಮೇಲೆ ನಿಮ್ಮ ಮನಸ್ಸಿಗೆ ಬಂದ ಒಂದು ಸಾಲು ಬರೆಯಿರಿ, ಪಕ್ಕದಲ್ಲಿ ಎರ್ರಪ್ಪನಿಗೂ ಒಂದು ಸಾಲು ಬರೆಯಲು ಹೇಳಿ. ನೀವಿಬ್ಬರೂ ಒಂದು ಗೋಡೆಯ ಮುಂದೆ ನಿಂತದ್ದನ್ನು ಕಂಡರೆ ಊರಿನ ಪೇಂಟರುಗಳೆಲ್ಲ ಬರುತ್ತಾರೆ, ಅವರ ಹಿಂದೆ ಮಿಕ್ಕವರೂ ಬರುತ್ತಾರೆ. ಅವನ ಪಕ್ಕದಲ್ಲಿ ನಿಲ್ಲುವುದಕ್ಕಿಂತ ಸಾಯುವುದು ಮೇಲು ಅನ್ನುತ್ತೀರಿ, ಗೊತ್ತು. ಅವನು ಹಾಗೆ ಮಾಡಿರಲಾರ ಅಂತ ನನಗನ್ನಿಸುತ್ತದೆ. ಸುಣ್ಣಕ್ಕೆ ನೀಲಿ ಯಾರು ಬೇಕಾದರೂ ಬೆರೆಸಬಹುದಲ್ಲ. ಅಷ್ಟು ವರ್ಷದ ಸ್ನೇಹದ ಮುಂದೆ ಅಷ್ಟು ಸುಣ್ಣ ಯಾವ ಲೆಕ್ಕ? ನನ್ನ ಮಾತು ನಂಬಿ ಬನ್ನಿ. ಶ್ಯಾಮಲನಿಗೂ ಅಪ್ಪ ಗೋಡೆ ಬರೆಯುವುದನ್ನು ಒಂದು ಸಲ ನೋಡಬೇಕೆಂದು ಆಸೆ.

ಬರುವುದಾದರೆ ಮೂರು ಸಾಲು ಬರೆದು ಹಾಕಿ. ಬರದಿದ್ದರೆ ಬೇಡ, ಉತ್ತರ ಬರದಿರುವುದು ನನಗೆ ಅಭ್ಯಾಸವಾಗಿದೆ.

ಇನ್ನೂ ನಿಮ್ಮ ಹೆಸರಿನ ರೇಷನ್ ಕಾರ್ಡಿನಲ್ಲೇ ಇರುವ,
ಅಶ್ವತ್ಥಮ್ಮ

೧೩-೭-೯೫, ಗುರುವಾರ

ತಾಜಾ ಕಲಂ:

ಈ ಕಾಗದ ನಾಲ್ಕು ದಿನ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು. ಪೋಸ್ಟ್ ಡಬ್ಬದ ಮುಂದೆ ಮೂರು ಸಲ ಹೋಗಿ ವಾಪಸ್ಸು ಬಂದೆ. ಮತ್ತೆ ಓದಿ ನೋಡಿದರೆ ನನ್ನ ಬರಹವನ್ನು ನಾನೇ ನಂಬಲಿಲ್ಲ. ಮಾಡಿರಲಾರ ಅಂತ ನನಗನ್ನಿಸುತ್ತದಂತೆ! ಅನ್ನಿಸುವುದೇನು ಬಂತು?

ಎರ್ರಪ್ಪ ಹೇಳಿದ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು. ಸುಣ್ಣ ಹೊಡೆದವರೇ ಮೊದಲು ಬರೆಯಬೇಕು. ನಾನು ಆಫೀಸು ಅಂದುಕೊಂಡೆ. ಆಫೀಸೆಲ್ಲಿ ಸುಣ್ಣ ಹೊಡೆಯಿತು? ಟಿಪ್ಪಣಿ ಬರೆದವಳು ನಾನು, ಗೋಡೆ ಆರಿಸಿದವಳು ನಾನು, ನಿಂತು ಹೊಡೆಸಿದವಳು ನಾನು.

ಇವತ್ತು ಬೆಳಿಗ್ಗೆ ಏಳು ಗಂಟೆಗೆ, ಆಫೀಸಿಗೆ ಹೋಗುವ ಮುಂಚೆ, ಕೆಂಪು ಬಣ್ಣ ಕಲೆಸಿಕೊಂಡು ಸಂತೆಯ ಗೋಡೆಗೆ ಹೋದೆ. ಅಕ್ಷರ ಸೊಟ್ಟ ಪಟ್ಟ ಬಿದ್ದಿವೆ, ನೀವು ನೋಡಿದರೆ ಹಣೆ ಚಚ್ಚಿಕೊಳ್ಳುತ್ತೀರಿ. ಬರೆದದ್ದು ಇಷ್ಟು: "೧೯೮೬ರಲ್ಲಿ ನಮ್ಮ ಹಳ್ಳಿಯ ಬಾವಿ ಹತ್ತಿರ ಕೋನಪ್ಪ ಬರೆದದ್ದಕ್ಕೆ ಸುಣ್ಣ ಹೊಡೆದವಳು ಅವನ ಹೆಂಡತಿ ನಾನು. ಎರ್ರಪ್ಪ ಅಲ್ಲ. ಅಶ್ವತ್ಥಮ್ಮ. ಇನ್ನು ಯಾರು ಬೇಕಾದರೂ ಬಂದು ಬರೆಯಿರಿ."

ನೀವು ಸ್ಟೇಷನ್ನಿನಲ್ಲಿದ್ದಾಗ ನನ್ನ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಬಂದಿತ್ತು. ಮನೆಯವರ ಮೇಲೆ ಕೇಸಿದ್ದರೆ ಕೆಲಸ ಸಿಗುವುದು ಕಷ್ಟ, ಗೋಡೆ ಮೇಲೆ ಅಕ್ಷರವಿಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ ಎಂದು ಪೇದೆಯೊಬ್ಬ ನನ್ನ ಮೇಲೆ ಕರುಣೆಯಿಂದಲೇ ಹೇಳಿದ. ನೀವೂ ಎರ್ರಪ್ಪನೂ ಜೊತೆಯಾಗಿ ಮಾಡಿದ ಕೆಲಸದಲ್ಲಿ ಮಿಕ್ಕಿದ ಅವನ ಸುಣ್ಣ ನಮ್ಮ ಮಂಚದ ಕೆಳಗೆ ಅರ್ಧ ಬಕೆಟ್ಟು ಇತ್ತು. ಮಧ್ಯಾಹ್ನ ಊರೆಲ್ಲ ಉಣ್ಣುವ ಹೊತ್ತಿಗೆ ಹೋದೆ. ಕುಂಚ ಸಿಗಲಿಲ್ಲ, ಬರಿಗೈಯಲ್ಲೇ ಬಳಿದೆ. ನಿಮ್ಮನ್ನು ಉಳಿಸಲು ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಜ. ಮಿಕ್ಕ ಅರ್ಧ ಆ ಕೆಲಸಕ್ಕೆ. ನೀವು ನೀಲಿ ಛಾಯೆ ನೋಡಿ ಎರ್ರಪ್ಪನ ಹೆಸರು ಹೇಳಿದಾಗ ಬಾಯಿ ತೆರೆಯಲಿಲ್ಲ. ಆ ದಿನ ತೆರೆಯದ ಬಾಯಿ ಆಮೇಲೆ ತೆರೆಯಲು ಆಗಲೇ ಇಲ್ಲ. ಒಬ್ಬ ಮನುಷ್ಯನ ಮರ್ಯಾದೆ ತೆಗೆದು ಒಂಬತ್ತು ವರ್ಷ ಸಂಬಳ ತೆಗೆದುಕೊಂಡಿದ್ದೇನೆ.

ಶ್ಯಾಮಲ ಕಾಲೇಜಿನಿಂದ ಬರುವಾಗ ಓದಿಕೊಂಡು ಬಂದಳು. ಬ್ಯಾಗು ಇಟ್ಟು ಕೈಕಾಲು ತೊಳೆದು ಬಂದಳು. ಆಮೇಲೆ, ಅಪ್ಪಂಗೆ ಮೊದ್ಲು ಹೇಳ್ಬೇಕಿತ್ತು ಕಣಮ್ಮ, ಗೋಡೆಗಲ್ಲ ಅಂದಳು. ಅವಳು ಹೇಳಿದ್ದು ಸರಿ. ಅದಕ್ಕೇ ಈಗ ಕೂತು ಇದನ್ನು ಸೇರಿಸಿ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆಯೇ ಹಾಕುತ್ತೇನೆ.

ಸಂಜೆ ಆಫೀಸು ಬಿಟ್ಟು ಗೋಡೆಯ ಹತ್ತಿರ ಹೋಗಿದ್ದೆ. ಜನ ಗುಂಪಾಗಿ ನಿಂತು ಓದುತ್ತಿದ್ದರು, ಕೆಲವರು ನನ್ನ ಮುಖವನ್ನೂ ಓದಿದರು. ಒಬ್ಬಳು ತನ್ನ ಬೀದಿಗೆ ನೀರು ಬಿಡುತ್ತಿಲ್ಲ ಎಂದು ಇದ್ದಿಲಿನಲ್ಲಿ ಬರೆದಿದ್ದಳು. ಯಾರೋ ಒಂದು ನವಿಲು ಬಿಡಿಸಿದ್ದರು, ಕಾಲು ಕೋಳಿಯದು. ಗೋಡೆ ಬಳಕೆಯಲ್ಲಿದೆ ಎಂದು ಚನ್ನಕೇಶವ ಆಗಲೇ ವರದಿ ಬರೆದುಕೊಂಡಿದ್ದ, ನನ್ನ ಬರಹದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನನ್ನ ಸಾಲಿನ ಕೆಳಗೆ ಬಣ್ಣ ಇನ್ನೂ ಹಸಿ ಇತ್ತು. ಎರ್ರಪ್ಪನ ಕೈಬರಹ, ಆ ಗುಂಡು ಅಕ್ಷರ ನಿಮಗೆ ಗೊತ್ತು. "ಅವತ್ತೇ ಗೊತ್ತಿತ್ತಮ್ಮ. ಸುಣ್ಣಕ್ಕೆ ಬೆಂದ ನಿಮ್ಮ ಕೈ ನೋಡಿದ್ದೆ."

ಅವನ ಅಂಗಡಿಗೆ ಓಡಿದೆ. ಯಾಕಪ್ಪಾ ಹೇಳಲಿಲ್ಲ ಎಂದು ರಸ್ತೆಯಲ್ಲೇ ನಿಂತು ಅತ್ತೆ. ಕುಂಚ ತೊಳೆಯುತ್ತಿದ್ದವನು ತಲೆ ಎತ್ತದೆ, "ಹೇಳಿದ್ರೆ ನಿಮ್ ಕೆಲ್ಸ ಹೋಗ್ತಿತ್ತಲ್ಲಮ್ಮಾ. ನಮ್ ಕೇರೀಲಿ ಆಫೀಸ್ನಾಗೆ ಕೂತ್ಕೊಳ್ಳೋ ಹೆಣ್ಮಗಳು ನೀವೊಬ್ರೇ" ಅಂದ.

ನನ್ನ ಮುಖ ನೋಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಕೇಳುವ ಹಕ್ಕು ನನಗಿಲ್ಲ. ಆದರೆ ಬಂದರೆ, ಬಸ್ಸಿಳಿದು ಮೊದಲು ಅವನ ಅಂಗಡಿಗೆ ಹೋಗಿ. ಮನೆಗೆ ಆಮೇಲೆ ಬನ್ನಿ.

ಅ.